ಟರ್ಬೊದಿಂದ ಆಯಿಲ್ ಚೇಂಬರಿಗೆ: ರಿಟರ್ನ್ ಲೈನ್ ದೋಷ ಹುಡುಕುವ ಕೈಪಿಡಿ

ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿದ ಕಾರು ನೀಲಿ ಹೊಗೆ ಬಿಟ್ಟರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, "ಟರ್ಬೊ ಸೀಲ್ ಹೋಗಿದೆ." ದುಡ್ಡು ಸುರಿದು ಹೊಸ ಟರ್ಬೊ ಹಾಕಿಸುತ್ತಾರೆ. ಕೆಲವೇ ದಿನಕ್ಕೆ ಅದೂ ಹೊಗೆ ಬಿಡುತ್ತದೆ. ಆಗ ಹೊಸ ಟರ್ಬೊನೇ ಡೂಪ್ಲಿಕೇಟ್ ಅಂತ ತೀರ್ಮಾನವಾಗುತ್ತದೆ. ಎಣ್ಣೆ ಟರ್ಬೊದಿಂದ ಕೆಳಗಿಳಿದು ಚೇಂಬರಿಗೆ (ಎಂಜಿನ್ ತಳದ ಎಣ್ಣೆ ತೊಟ್ಟಿಗೆ) ಸೇರುವ ಆ ಒಂದು ಅಡಿ ರಿಟರ್ನ್ ಪೈಪನ್ನು ಮಾತ್ರ ಯಾರೂ ಬಿಚ್ಚಿ ನೋಡಿರುವುದಿಲ್ಲ.

ಟರ್ಬೊ ಬಿಚ್ಚುವುದು ಕೊನೆಯ ಕೆಲಸ ಆಗಬೇಕು. ಅದಕ್ಕೆ ಮುಂಚೆ ಮಾಡಬಹುದಾದ ಪರೀಕ್ಷೆಗಳಲ್ಲಿ ಅರ್ಧಕ್ಕರ್ಧ ಕಾಸೇ ಖರ್ಚಿಲ್ಲದವು.

ಉದಾಹರಣೆಗೆ ಹೋಂಡಾದ ಡಿ ಸರಣಿಯ ಪೆಟ್ರೋಲ್ ಎಂಜಿನ್ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ 2003ರವರೆಗೆ ಬಂದ ಹಳೇ ಸಿಟಿ 1.5ರಲ್ಲಿ ಇದ್ದದ್ದು ಇದೇ ಮನೆತನದ ಎಂಜಿನ್. ಕಂಪನಿಯಿಂದ ಟರ್ಬೊ ಇಲ್ಲದೆ ಬಂದದ್ದರಿಂದ ಎಣ್ಣೆ ವಾಪಸ್ ಬರಲು ಅದರಲ್ಲಿ ಜಾಗವೇ ಇಲ್ಲ. ಹಾಗಾಗಿ ಉಕ್ಕಿನ ತಗಡಿನ ಆಯಿಲ್ ಚೇಂಬರಿಗೆ ತೂತು ಮಾಡಿ, ಬುಷ್ (ಪೈಪ್ ಕೂರಿಸುವ ಥ್ರೆಡ್ ಇರುವ ಲೋಹದ ಬಳೆ) ವೆಲ್ಡ್ ಮಾಡಿ, ಪೈಪ್ ಸೇರಿಸಬೇಕು. ನಿಮ್ಮದು ಕಂಪನಿಯಿಂದಲೇ ಟರ್ಬೊ ಜೊತೆ ಬಂದ ಡೀಸೆಲ್ ಕಾರಾದರೆ ರಿಟರ್ನ್ ಪೈಪ್ ಬಹುಶಃ ಎಂಜಿನ್ ಬ್ಲಾಕಿಗೇ ಸೇರುತ್ತದೆ. ಆಗ ಬುಷ್, ವೆಲ್ಡಿಂಗ್ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ನಿಮಗೂ ಅನ್ವಯಿಸುತ್ತದೆ.

ಎಣ್ಣೆ ಹೋಗುವುದು ಹೇಗೆ, ಬರುವುದು ಹೇಗೆ

ಇದೊಂದು ತಿಳಿದರೆ ಅರ್ಧ ದೋಷ ಕೂತಲ್ಲೇ ಗೊತ್ತಾಗುತ್ತದೆ.

ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗಬಲ್ಲದು. ಅದಕ್ಕೆ ಬೇಕಾದ ಎಣ್ಣೆ ಪಂಪಿನ ಒತ್ತಡದಲ್ಲಿ ಸಣ್ಣ ಫೀಡ್ ಪೈಪಿನಿಂದ ಒಳಗೆ ಹೋಗುತ್ತದೆ. ಹೊರಗೆ ಬರುವಾಗ ಯಾವ ಒತ್ತಡವೂ ಇಲ್ಲ. ಬರೀ ತನ್ನ ಭಾರಕ್ಕೆ ಕೆಳಗಿಳಿಯಬೇಕು. ಅದೂ ಒಳಗೆ ಹೋದ ಹಾಗೇ ಬರುವುದಿಲ್ಲ. ಎತ್ತಿ ಹೊಯ್ದ ಕಾಫಿಯ ಹಾಗೆ ಗಾಳಿ ಸೇರಿ, ನೊರೆಯಾಗಿ ಬರುತ್ತದೆ. ನೊರೆಗೆ ಜಾಗ ಜಾಸ್ತಿ ಬೇಕು. ಫೀಡ್ ಪೈಪ್ ಪೆನ್ಸಿಲ್ ದಪ್ಪ ಇದ್ದರೂ ರಿಟರ್ನ್ ಪೈಪ್ ಹೆಬ್ಬೆರಳು ಗಾತ್ರ ಇರುವುದು ಇದಕ್ಕೇ.

ಇನ್ನು ಸೀಲ್. ಟರ್ಬೊದ ಎರಡೂ ತುದಿಯಲ್ಲಿ ಸಾಮಾನ್ಯವಾಗಿ ಇರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಪುಟ್ಟ ಲೋಹದ ಬಳೆ. ಹೊರಗಿನ ಗಾಳಿಯ ಒತ್ತಡ ಒಳಗೆ ತಳ್ಳುತ್ತಿರುವಾಗ, ನಡುಮನೆಯಲ್ಲಿ (ಶಾಫ್ಟ್ ಕೂರುವ ಟರ್ಬೊದ ನಡುಭಾಗದಲ್ಲಿ) ಎಣ್ಣೆ ನಿಲ್ಲದೆ ಇಳಿದುಹೋಗುತ್ತಿರುವಾಗ ಮಾತ್ರ ಅದು ಕೆಲಸ ಮಾಡುತ್ತದೆ. ಎಣ್ಣೆ ಕೆಳಗಿಳಿಯದೆ ಕಟ್ಟಿಕೊಂಡರೆ ಹೊಚ್ಚ ಹೊಸ ಬಳೆಯೂ ತಡೆಯುವುದಿಲ್ಲ. ಎಣ್ಣೆ ಒಂದು ಕಡೆ ಸೈಲೆನ್ಸರ್ ಪೈಪಿಗೆ, ಇನ್ನೊಂದು ಕಡೆ ಗಾಳಿ ಎಳೆಯುವ ಪೈಪಿಗೆ ನುಗ್ಗುತ್ತದೆ. ಹಾಗಾಗಿ ಎಷ್ಟೋ ಸಲ ಸೀಲ್ ಸರಿಯಾಗೇ ಇರುತ್ತದೆ, ಎಣ್ಣೆಯ ದಾರಿ ಕಟ್ಟಿರುತ್ತದೆ.

ಕೈ ಹಾಕುವ ಮೊದಲು

ಕಾರನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಒಮ್ಮೆ ಅಲುಗಾಡಿಸಿ ನೋಡಿ. ಟರ್ಬೊ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಆರಲು ಗಂಟೆಗೂ ಜಾಸ್ತಿ ಬೇಕಾಗಬಹುದು. ಎಂಜಿನ್ ಓಡಿಸಿ ನೋಡುವ ಪರೀಕ್ಷೆಗಳನ್ನು ಬಯಲಿನಲ್ಲಿ ಮಾಡಿ. ಶಟರ್ ಎಳೆದ ಶೆಡ್ಡಿನಲ್ಲಿ ಸೈಲೆನ್ಸರ್ ಹೊಗೆ ಜೀವಕ್ಕೇ ಅಪಾಯ. ಎಣ್ಣೆ ಒರೆಸಿದ ಬನಿಯನ್ ವೇಸ್ಟ್ ಎಂಜಿನ್ ಮೇಲೆ ಮರೆತುಬಿಟ್ಟರೆ ಬೆಂಕಿಗೆ ಅಷ್ಟೇ ಸಾಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಕಡೆ ಇರಲಿ.

ಲಕ್ಷಣ: ಐಡಲ್‌ನಲ್ಲಿ ನಿಂತಾಗ ಹೊಗೆ, ಓಡಿಸಿದರೆ ಕಡಿಮೆ

ಸಿಗ್ನಲ್‌ನಲ್ಲಿ ಒಂದೆರಡು ನಿಮಿಷ ನಿಂತಿರಿ. ಹೊರಡುವಾಗ ಹಿಂದೆ ನೀಲಿ ಮೋಡ ಏಳುತ್ತದೆ. ಹೆದ್ದಾರಿಯಲ್ಲಿ ಹೋಗುವಾಗ ಏನೂ ಇಲ್ಲ. ರಿಟರ್ನ್ ಲೈನ್ ದೋಷದ ಮುಖ್ಯ ಗುರುತೇ ಇದು. ಐಡಲ್‌ನಲ್ಲಿ ಬೂಸ್ಟ್ (ಟರ್ಬೊ ಒತ್ತಿ ಕೊಡುವ ಗಾಳಿಯ ಒತ್ತಡ) ಇರುವುದಿಲ್ಲ, ಸೀಲ್ ಹೊರಗಿನಿಂದ ಒಳಕ್ಕೆ ತಳ್ಳುವ ಗಾಳಿ ಕಡಿಮೆ. ಕಟ್ಟಿಕೊಂಡ ಎಣ್ಣೆ ಸುಲಭವಾಗಿ ಹೊರಗೆ ಜಿನುಗುತ್ತದೆ.

ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನಿಲ್ಲ. ಕಾರು ಸಮತಟ್ಟು ಜಾಗದಲ್ಲಿರಲಿ, ಎಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷ ಬಿಡಿ. ಎಣ್ಣೆ ಮೇಲಿನ ಗುರುತನ್ನು ದಾಟಿದೆಯಾ? ಹಾಗಿದ್ದರೆ ರಿಟರ್ನ್ ಬಾಯಿ ಎಣ್ಣೆಯೊಳಗೆ ಮುಳುಗಿರಬಹುದು. ಮುಳುಗಿದ ಬಾಯಿಗೆ ನೊರೆ ಇಳಿಯಲಾರದು. ಜಾಸ್ತಿ ಇರುವ ಎಣ್ಣೆ ತೆಗೆದು ಮೇಲಿನ ಗುರುತಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿ, ಓಡಿಸಿ ನೋಡಿ. ಎಷ್ಟೋ ಕಾರುಗಳ ಕಥೆ ಇಲ್ಲೇ ಮುಗಿಯುತ್ತದೆ.

ಒಂದು ಎಚ್ಚರಿಕೆ. ಸೈಲೆನ್ಸರಿನಲ್ಲಿ ಈಗಾಗಲೇ ಸೇರಿರುವ ಎಣ್ಣೆ ಪೂರ್ತಿ ಸುಟ್ಟುಹೋಗುವವರೆಗೆ ಹೊಗೆ ಬರುತ್ತಲೇ ಇರುತ್ತದೆ. ಯಾವುದೇ ರಿಪೇರಿ ಆದ ಮೇಲೂ ಅರ್ಧ ಗಂಟೆ ಚೆನ್ನಾಗಿ ಓಡಿಸದೆ ಸರಿಹೋಗಲಿಲ್ಲ ಅಂತ ತೀರ್ಮಾನಿಸಬೇಡಿ.

ಎರಡನೆಯದು ಸ್ಪಾರ್ಕ್ ಪ್ಲಗ್. ನಾಲ್ಕನ್ನೂ ಬಿಚ್ಚಿ ಸಾಲಾಗಿ ಇಡಿ. ಹೊಗೆ ದಟ್ಟವಾಗಿದ್ದರೂ ಪ್ಲಗ್ ಒಣಗಿ, ತಿಳಿ ಕಂದು ಬಣ್ಣದಲ್ಲಿದ್ದರೆ ಎಣ್ಣೆ ಸಿಲಿಂಡರಿನ ಒಳಗೆ ಸುಡುತ್ತಿಲ್ಲ. ಎಂಜಿನ್ ದಾಟಿದ ಮೇಲೆ, ಅಂದರೆ ಟರ್ಬೊದ ಬಿಸಿ ಬದಿಯಲ್ಲಿ ಸೇರುತ್ತಿದೆ. ಈ ಹೊಗೆ ನೀಲಿಗಿಂತ ಬೂದು ಬಿಳಿಯಾಗಿ ಕಾಣಬಹುದು, ವಾಸನೆ ಮೂಗಿಗೆ ಘಾಟು ಹೊಡೆಯುತ್ತದೆ. ಪ್ಲಗ್ ಮೇಲೆ ಎಣ್ಣೆ ಮೆತ್ತಿದ್ದರೆ ದಾರಿ ಬೇರೆ: ಟರ್ಬೊದ ಕಂಪ್ರೆಸರ್ ಬದಿಯಿಂದ, ಅಂದರೆ ಗಾಳಿ ಎಳೆಯುವ ಕಡೆಯಿಂದ ಬರುತ್ತಿರಬಹುದು, ಪಿಸ್ಟನ್ ರಿಂಗ್ ಸವೆದಿರಬಹುದು, ವಾಲ್ವ್ ಸೀಲ್ ಗಟ್ಟಿಯಾಗಿರಬಹುದು. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ಸೆಂದು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಮೊದಲ ಅನುಮಾನ ಪಡಿ, ಟರ್ಬೊ ಮೇಲೆ ಬೇಡ.

ಘಾಟಿ ಇಳಿದ ಮೇಲೆ ಬರುವ ಹೊಗೆ ಇನ್ನೂ ಗೊಂದಲ ಮಾಡುತ್ತದೆ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಗೇರಿನಲ್ಲೇ ಇಳಿಸಿ, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಹೊಗೆ ಬಂದರೆ ಕಾರಣ ಎರಡಿರಬಹುದು. ಥ್ರಾಟಲ್ ಮುಚ್ಚಿದಾಗ ಸಿಲಿಂಡರ್ ಜೋರಾಗಿ ಎಳೆಯುತ್ತದೆ, ಸವೆದ ವಾಲ್ವ್ ಗೈಡ್ ಮೂಲಕ ಎಣ್ಣೆ ಒಳಗೆ ಬರುತ್ತದೆ. ಇದು ಮೊದಲ ಕಾರಣ. ಇನ್ನೊಂದು, ಹೋಂಡಾದ ಈ ಎಂಜಿನ್ನಿನಲ್ಲಿ ಟರ್ಬೊ ಮುಂದೆ, ರೇಡಿಯೇಟರ್ ಬದಿಯಲ್ಲಿ ಕೂರುತ್ತದೆ. ರಿಟರ್ನ್ ಬುಷ್ ಸಹಜವಾಗಿ ಚೇಂಬರಿನ ಮುಂದಿನ ಗೋಡೆಯಲ್ಲೇ ಇರುತ್ತದೆ. ಇಳಿಜಾರಿನಲ್ಲಿ, ಬ್ರೇಕ್ ಹಿಡಿದಾಗ ಎಣ್ಣೆ ಮುಂದಕ್ಕೆ ವಾಲಿ ಆ ಬಾಯಿ ಮುಚ್ಚುತ್ತದೆ. ಬುಷ್ ಸ್ವಲ್ಪ ತಗ್ಗಿನಲ್ಲಿದ್ದರೆ ಘಾಟಿಯ ಉದ್ದಕ್ಕೂ ಟರ್ಬೊದಲ್ಲಿ ಎಣ್ಣೆ ಕಟ್ಟುತ್ತದೆ. ಈ ಎರಡನ್ನೂ ಬೇರೆ ಮಾಡಿ ಹೇಳುವುದು ಪ್ಲಗ್ಗೇ. ಎಣ್ಣೆಯ ಪ್ಲಗ್ ಆದರೆ ವಾಲ್ವ್ ಕಡೆ ನೋಡಿ, ಒಣ ಪ್ಲಗ್ ಆದರೆ ರಿಟರ್ನ್ ಕಡೆ ನೋಡಿ.

ಮೂರನೆಯದು ಪೈಪಿನ ಹಾದಿ. ಟಾರ್ಚ್ ಹಿಡಿದು ಟರ್ಬೊದಿಂದ ಚೇಂಬರಿನವರೆಗೆ ಕಣ್ಣು ಹಾಯಿಸಿ. ಎಲ್ಲೂ ಮೇಲಕ್ಕೆ ಏರಬಾರದು. ಮಧ್ಯೆ ಜೋತುಬಿದ್ದು ತೊಟ್ಟಿಲಿನಂತೆ ತಗ್ಗಾಗಬಾರದು. ಅಲ್ಲಿ ಎಣ್ಣೆ ನಿಲ್ಲುತ್ತದೆ, ಮೇಲಿನಿಂದ ಬರುವ ನೊರೆಗೆ ತಡೆಯಾಗುತ್ತದೆ. ಟರ್ಬೊದ ಎಣ್ಣೆ ಬಾಯಿ ನೇರ ಕೆಳಗೆ ನೋಡುತ್ತಿರಬೇಕು. ಟರ್ಬೊ ತಯಾರಿಸುವ ಗ್ಯಾರೆಟ್ ಕಂಪನಿ ಲಂಬದಿಂದ 35 ಡಿಗ್ರಿವರೆಗೆ ವಾಲಬಹುದು ಎನ್ನುತ್ತದೆ. ಜಾಗ ಹೊಂದಿಸಲು ಟರ್ಬೊವನ್ನು ಅದಕ್ಕಿಂತ ಜಾಸ್ತಿ ತಿರುಗಿಸಿ ಕೂರಿಸಿದ್ದರೆ ಪೈಪ್ ಎಷ್ಟೇ ಒಳ್ಳೆಯದಿರಲಿ ಪ್ರಯೋಜನವಿಲ್ಲ. ಒಳ ಅಳತೆ ಎಲ್ಲಿಯೂ 12 ಮಿಲಿಮೀಟರಿಗಿಂತ ಕಡಿಮೆ ಆಗಬಾರದು. 16 ಮಿಲಿಮೀಟರ್ ಇದ್ದರೆ ನೆಮ್ಮದಿ. ಪೈಪ್ ದೊಡ್ಡದಿದ್ದರೂ ತುದಿಯ ನಿಪ್ಪಲ್ ಒಳಗೆ ಕಿರಿದಾಗಿರುವುದು ಸಾಮಾನ್ಯ. ಅಳೆಯಬೇಕಾದ್ದು ಅದನ್ನು.

ನಾಲ್ಕನೆಯದಕ್ಕೆ ಪೈಪ್ ಬಿಚ್ಚಬೇಕು. ಟರ್ಬೊ ಬದಿಯ ಫ್ಲಾಂಜಿನ ಎರಡು ಬೋಲ್ಟ್ ತೆಗೆದು ಪ್ಯಾಕಿಂಗ್ ನೋಡಿ. ಪ್ಯಾಕಿಂಗ್ ತಿರುಗಾಮುರುಗಾ ಕೂತು ಅರ್ಧ ಬಾಯಿ ಮುಚ್ಚಿರಬಹುದು. ಅಥವಾ ಯಾರೋ ಅನಾಬಾಂಡ್ ಎಂಬ ಸಿಲಿಕೋನ್ ಅಂಟನ್ನು ಧಾರಾಳವಾಗಿ ಹಚ್ಚಿ, ಬಿಗಿದಾಗ ಅದು ಒಳಗೆ ಉಬ್ಬಿ ಗಟ್ಟಿಯಾಗಿರಬಹುದು. ಟರ್ಬೊದ ಎಣ್ಣೆ ಬಾಯಿಗಳಿಗೆ ಸಿಲಿಕೋನ್ ಅಂಟು ಹಚ್ಚಲೇಬಾರದು. ಲೋಹದ ಅಥವಾ ಒಳ್ಳೆ ಕಾಗದದ ಪ್ಯಾಕಿಂಗ್ ಸಾಕು. ತುಂಡಾದ ಅಂಟು ಚೇಂಬರಿಗೆ ಬಿದ್ದರೆ ಪಂಪಿನ ಸ್ಟ್ರೈನರ್ (ಎಣ್ಣೆ ಸೋಸುವ ಜಾಲರಿ) ಕಟ್ಟುತ್ತದೆ. ಆಗ ಹೋಗುವುದು ಟರ್ಬೊ ಒಂದೇ ಅಲ್ಲ, ಎಂಜಿನ್ನೇ ಹೋಗುತ್ತದೆ.

ರಬ್ಬರ್ ಹೋಸ್ ಇದ್ದರೆ ಹೊರಗೆ ನೋಡಿ ನಂಬಬೇಡಿ. ಸಾಮಾನ್ಯ ಹೈಡ್ರಾಲಿಕ್ ಹೋಸ್‌ಗಳ ಒಳಪದರ ಸುಮಾರು 100 ಡಿಗ್ರಿ ಬಿಸಿಗೆ ಮಾಡಿದ್ದು. ಟರ್ಬೊ ಪಕ್ಕದಲ್ಲಿ ಅದು ಒಳಗಿನಿಂದ ಉಬ್ಬಿ ಬಾಯಿ ಕಟ್ಟುತ್ತದೆ, ಹೊರಗೆ ಹೊಸದರಂತೆ ಕಾಣುತ್ತಿರುತ್ತದೆ. ಒಂದು ತುದಿಯಿಂದ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ನೀರಿನ ಸಿಲಿಕೋನ್ ಹೋಸ್ ಹಾಕಿದ್ದರೆ ಅದನ್ನೂ ತೆಗೆಯಿರಿ. ಎಣ್ಣೆ ಅದರಲ್ಲಿ ಜಿನುಗಿ, ಹೋಸ್ ಮೆತ್ತಗಾಗುತ್ತದೆ. ಟೆಫ್ಲಾನ್ ಒಳಪದರದ, ಸ್ಟೀಲ್ ಜಾಲರಿಯ ಹೋಸ್ ಅಥವಾ ಗಟ್ಟಿ ಲೋಹದ ಪೈಪು ಸರಿ. ಜಾಲರಿ ಹೋಸನ್ನು ಚೂಪಾಗಿ ಬಗ್ಗಿಸಿದರೆ ಒಳಗೆ ಮಡಿಕೆ ಬೀಳುತ್ತದೆ. ಮೂಲೆ ತಿರುಗಿಸಬೇಕಾದ ಕಡೆ ಬಾಗಿದ ಫಿಟ್ಟಿಂಗ್ ಹಾಕಿಸಿ.

ಐದನೆಯದು ಹರಿವಿನ ಪರೀಕ್ಷೆ. ಇಬ್ಬರು ಬೇಕು. ಚೇಂಬರ್ ಬದಿಯಲ್ಲಿ ಹೋಸ್ ಬಿಚ್ಚಿ, ಬುಷ್ಷಿಗೆ ಬಿಗಿಯಾದ ಬಿರಡೆ ಹಾಕಿ, ಹೋಸಿನ ತುದಿಯನ್ನು ಶುದ್ಧವಾದ ಡಬ್ಬಿಗೆ ಬಿಡಿ. ಇಗ್ನಿಷನ್ ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ತೆಗೆದು ಮೊದಲು ಬರೀ ಸೆಲ್ಫ್ ಹೊಡೆಯಿರಿ. ಆಮೇಲೆ ಕನೆಕ್ಟರ್ ಹಾಕಿ ಇಪ್ಪತ್ತು ಮೂವತ್ತು ಸೆಕೆಂಡ್ ಐಡಲ್. ಅದಕ್ಕಿಂತ ಹೆಚ್ಚು ಬೇಡ, ಚೇಂಬರ್ ಖಾಲಿಯಾಗುತ್ತಿರುತ್ತದೆ. ಎಣ್ಣೆ ಬಿಸಿಯಿರುತ್ತದೆ, ಕೈಗೆ ಗ್ಲೌಸ್ ಇರಲಿ. ಎಣ್ಣೆ ಬಿಡದೆ ಧಾರೆಯಾಗಿ ಬಂದರೆ ಟರ್ಬೊದಿಂದ ಹೋಸಿನ ತುದಿವರೆಗೆ ದಾರಿ ಸರಿಯಿದೆ. ತಡೆ ಇರುವುದು ಚೇಂಬರ್ ಬದಿಯಲ್ಲಿ: ಬುಷ್ ಇರುವ ಜಾಗ, ಎಣ್ಣೆಯ ಮಟ್ಟ, ಅಥವಾ ಮುಂದೆ ಹೇಳುವ ಬ್ಯಾಕ್ ಕಂಪ್ರೆಷನ್. ತಡೆತಡೆದು ತೊಟ್ಟಿಕ್ಕಿದರೆ ಎರಡು ಅರ್ಥ. ಎಣ್ಣೆ ಟರ್ಬೊದೊಳಗೆ ಕಟ್ಟಿದೆ, ಇಲ್ಲವೇ ಫೀಡ್ ಪೈಪಿನಿಂದಲೇ ಸರಿಯಾಗಿ ಬರುತ್ತಿಲ್ಲ. ಎರಡನೆಯದಾದರೆ ಕಾರನ್ನು ಓಡಿಸಬೇಡಿ. ಪರೀಕ್ಷೆ ಮುಗಿದ ಮೇಲೆ ಹೋದಷ್ಟು ಎಣ್ಣೆ ತುಂಬುವುದನ್ನು ಮರೆಯಬೇಡಿ.

ದಾರಿಯೆಲ್ಲ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ ಫೀಡ್ ಒತ್ತಡ ಅಳೆಸಿ. ಬಾಲ್ ಬೇರಿಂಗ್ ಟರ್ಬೊಗೆ ಸುಮಾರು 3 ಬಾರ್ ದಾಟಿದ ಒತ್ತಡ ಬೇಡ. ಅದಕ್ಕೇ ಫೀಡ್ ಬಾಯಿಗೆ ಸುಮಾರು 1 ಮಿಲಿಮೀಟರ್ ತೂತಿನ ತಡೆ ಹಾಕುತ್ತಾರೆ. ಹಳೇ ಬಗೆಯ ಜರ್ನಲ್ ಬೇರಿಂಗ್ ಟರ್ಬೊಗೆ ಸಾಮಾನ್ಯವಾಗಿ ಆ ತಡೆ ಬೇಕಿಲ್ಲ. ಹೊಗೆ ನಿಲ್ಲಲಿ ಅಂತ ಸುಮ್ನೆ ಎಣ್ಣೆಯನ್ನೇ ಕಡಿಮೆ ಮಾಡಿದರೆ ಹೊಗೆ ನಿಂತರೂ ಬೇರಿಂಗ್ ಒಣಗಿ ಸಾಯುತ್ತದೆ.

ಲಕ್ಷಣ: ಬೂಸ್ಟ್ ಬಂದಾಗ ಮಾತ್ರ ಹೊಗೆ, ಡಿಪ್‌ಸ್ಟಿಕ್ ಮೇಲಕ್ಕೆ ಎದ್ದಿರುವುದು

ಮೆಕ್ಯಾನಿಕ್‌ಗಳು ಇದನ್ನು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಎಂಜಿನ್ ಹೊಟ್ಟೆಯೊಳಗೆ ಗಾಳಿಯ ಒತ್ತಡ ಏರಿದರೆ ಅದೇ ಒತ್ತಡ ರಿಟರ್ನ್ ಪೈಪಿನಲ್ಲಿ ಮೇಲಕ್ಕೆ ಒತ್ತುತ್ತದೆ. ಬರೀ ಭಾರಕ್ಕೆ ಇಳಿಯಬೇಕಾದ ಎಣ್ಣೆಗೆ ಅಷ್ಟು ಸಾಕು, ನಿಂತುಬಿಡುತ್ತದೆ.

ಮೊದಲನೆಯದು ಸರಳ ಪರೀಕ್ಷೆ: ಎಂಜಿನ್ ಹೊಟ್ಟೆಯ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪ್ ಎಳೆದು ಬಾಯಲ್ಲಿ ಊದಿ ನೋಡಿ. ಕೆಸರು ಕಟ್ಟಿದ್ದರೆ, ಮಡಚಿಕೊಂಡಿದ್ದರೆ ಅಲ್ಲೇ ತಿಳಿಯುತ್ತದೆ. ಆಮೇಲೆ ಐಡಲ್‌ನಲ್ಲಿ ಎಣ್ಣೆ ತುಂಬುವ ಮುಚ್ಚಳ ತೆಗೆದು ಬಾಯಿ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಇಡಿ. ಹಾಳೆ ಒಳಕ್ಕೆ ಎಳೆದರೆ, ಅಥವಾ ಅಲ್ಲೇ ಸುಮ್ಮನಿದ್ದರೆ ಸರಿ. ಹಾರಿಬಿದ್ದರೆ ಒಳಗೆ ಒತ್ತಡ ಇದೆ.

ಟರ್ಬೊ ಇಲ್ಲದ ಎಂಜಿನ್ನಿಗೆ ಟರ್ಬೊ ಹಾಕಿದವರು ಇಲ್ಲಿ ಪಿಸಿವಿ ವಾಲ್ವ್ ನೋಡಲೇಬೇಕು. ಅದು ಎಂಜಿನ್ ಹೊಟ್ಟೆಯ ಗಾಳಿಯನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆಯುವ ವಾಲ್ವ್. ಕಂಪನಿ ಅದನ್ನು ಮಾಡಿದ್ದು ಮ್ಯಾನಿಫೋಲ್ಡಿನಲ್ಲಿ ಯಾವಾಗಲೂ ಎಳೆತವೇ ಇರುತ್ತದೆ ಅಂತ ಎಣಿಸಿ. ಈಗ ಅಲ್ಲಿ ಬೂಸ್ಟ್ ಇದೆ. ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಬೂಸ್ಟ್ ನೇರವಾಗಿ ಎಂಜಿನ್ ಹೊಟ್ಟೆಗೆ ನುಗ್ಗುತ್ತದೆ. ವಾಲ್ವ್ ತೆಗೆದು ಮ್ಯಾನಿಫೋಲ್ಡ್ ಬದಿಯಿಂದ ಊದಿ. ಗಾಳಿ ಚೆನ್ನಾಗಿ ದಾಟಿದರೆ ವಾಲ್ವ್ ಬದಲಾಯಿಸಿ, ಜೊತೆಗೊಂದು ಒಳ್ಳೆ ಒನ್ ವೇ ವಾಲ್ವ್ ಸೇರಿಸಿ. ರಿಟರ್ನ್ ಪೈಪ್ ನಾಲ್ಕು ಸಲ ಬದಲಾಯಿಸಿದರೂ ನಿಲ್ಲದ ಹೊಗೆ ಕಡಿಮೆ ಬೆಲೆಯ ಈ ಸಾಮಾನಿನಿಂದ ನಿಲ್ಲುವುದುಂಟು.

ಬ್ರೀದರ್ ಸ್ವಚ್ಛ, ಪಿಸಿವಿ ಸರಿ, ಆದರೂ ಹಾಳೆ ಹಾರುತ್ತಿದೆಯಾ? ಹಾಗಾದರೆ ಪಿಸ್ಟನ್ ರಿಂಗ್ ಕಡೆಯಿಂದ ಗಾಳಿ ಇಳಿಯುತ್ತಿದೆ. ಕಂಪ್ರೆಷನ್ ಟೆಸ್ಟ್, ಲೀಕ್ ಡೌನ್ ಟೆಸ್ಟ್ ಮಾಡಿಸಿ. ಮನೆ ಮುಂದೆ ಮಾಡುವ ಕೆಲಸ ಇಲ್ಲಿಗೆ ಮುಗಿಯಿತು, ಎಂಜಿನ್ ಕೆಲಸ ಬಲ್ಲವರ ಹತ್ತಿರ ಹೋಗಿ.

ಲಕ್ಷಣ: ಚೇಂಬರ್ ಕೆಳಗೆ ಎಣ್ಣೆ ತೊಟ್ಟಿಕ್ಕುವುದು

ಹೊಗೆ ಇಲ್ಲ, ಆದರೆ ನಿಲ್ಲಿಸಿದ ಕಡೆ ನೆಲದ ಮೇಲೆ ಕಲೆ. ಕಲೆ ಇರುವ ಕಡೆಯೇ ಸೋರುತ್ತಿದೆ ಅಂದುಕೊಳ್ಳಬೇಡಿ. ಎಣ್ಣೆ ಕೆಳಗೆ ಹರಿಯುತ್ತದೆ, ಗಾಳಿಗೆ ಹಿಂದಕ್ಕೂ ಹೋಗುತ್ತದೆ. ನಿಜವಾದ ಜಾಗ ಒದ್ದೆಯಾಗಿರುವ ಭಾಗದ ಅತಿ ಮೇಲಿನ, ಅತಿ ಮುಂದಿನ ಚುಕ್ಕೆ.

ಎಂಜಿನ್ ಆರಿದ ಮೇಲೆ ಎಲ್ಲ ಚೆನ್ನಾಗಿ ತೊಳೆದು ಒಣಗಿಸಿ. ಅನುಮಾನ ಇರುವ ಕಡೆ ಟಾಲ್ಕಂ ಪೌಡರ್ ಉದುರಿಸಿ. ಹತ್ತು ನಿಮಿಷ ಐಡಲ್ ಬಿಟ್ಟು ನೋಡಿ. ಪೌಡರ್ ಮೇಲೆ ಎಣ್ಣೆಯ ಗೆರೆ ಶುರುವಾದ ಕಡೆಯೇ ಸೋರಿಕೆ.

ಗೆರೆ ಹೋಸ್ ಕ್ಲಿಪ್ಪಿನ ಹತ್ತಿರ ಇದ್ದರೆ ಕ್ಲಿಪ್ ಬಿಗಿ ಮಾಡಿ, ನಿಪ್ಪಲ್ ಮೇಲೆ ಗೀರು ಇದೆಯಾ ನೋಡಿ. ನಿಪ್ಪಲ್ ತುದಿಯಲ್ಲಿ ಉಬ್ಬು ಇಲ್ಲದಿದ್ದರೆ ಹೋಸ್ ಮೆಲ್ಲಗೆ ಜಾರುತ್ತದೆ. ಬಿಗಿ ಮಾಡಿದಷ್ಟೂ ರಬ್ಬರ್ ಕತ್ತರಿಸುತ್ತದೆ ಅಷ್ಟೇ.

ಗೆರೆ ಮರೆಯಲ್ಲಿ, ಅಂದರೆ ಥ್ರೆಡ್ಡಿನಲ್ಲಿ ಶುರುವಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಎರಡೂ ಒಂದೇ ಜಾತಿಯ ಥ್ರೆಡ್ಡಾ? ಇದು ನಮ್ಮಲ್ಲಿ ಪದೇ ಪದೇ ಆಗುವ ಎಡವಟ್ಟು. ಹೊರದೇಶದ ಕಿಟ್ಟಿನ ಫಿಟ್ಟಿಂಗ್ ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) ಇರುತ್ತದೆ. ಲೇತಿನವರು ಬುಷ್ಷಿಗೆ ಹಾಕಿಕೊಟ್ಟ ಥ್ರೆಡ್ ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್), ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದೂ ಅದೇ. ಅರ್ಧ ಇಂಚಿನ ಅಳತೆಯಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಮೂರ್ನಾಲ್ಕು ಸುತ್ತು ಚೆನ್ನಾಗೇ ಹೋಗುತ್ತದೆ. ಆದರೆ ಥ್ರೆಡ್ಡಿನ ಕೋನ ಒಂದಕ್ಕೆ 60 ಡಿಗ್ರಿ, ಇನ್ನೊಂದಕ್ಕೆ 55. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಬಿಸಿಯಾದ ಮೇಲೆ ಜಿನುಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗುವಾಗ ಅಳತೆ ಬರೆದುಕೊಂಡು ಹೋಗಬೇಡಿ, ಫಿಟ್ಟಿಂಗನ್ನೇ ಜೇಬಲ್ಲಿ ಹಾಕಿಕೊಂಡು ಹೋಗಿ.

37 ಡಿಗ್ರಿ ಮೊನೆಯ ಎಎನ್ ಫಿಟ್ಟಿಂಗ್ ಆದರೆ ಟೇಪ್ ಸುತ್ತಲೇಬೇಡಿ. ಅದರಲ್ಲಿ ಸೀಲ್ ಮಾಡುವುದು ಮೊನೆಯೇ ಹೊರತು ಥ್ರೆಡ್ ಅಲ್ಲ. ಚಪ್ಪಟೆ ಮುಖದ ಫಿಟ್ಟಿಂಗಿಗೆ ಹೊಸ ತಾಮ್ರದ ವಾಷರ್ ಅಥವಾ ಡೌಟಿ ವಾಷರ್ (ಒಳ ಅಂಚಿಗೆ ರಬ್ಬರ್ ಅಂಟಿಸಿದ ಲೋಹದ ವಾಷರ್) ಹಾಕಿ.

ವೆಲ್ಡಿಂಗ್ ಸುತ್ತಲೂ ಮಂಜಿನಂತೆ ಒದ್ದೆ ಕಂಡರೆ ಸೂಜಿಮೊನೆಯಷ್ಟು ತೂತು ಇದೆ. ಎಂ-ಸೀಲ್ ಮೆತ್ತಿ ಮುಂದುವರಿಯುವ ಆಸೆ ಬರುತ್ತದೆ. ಎಣ್ಣೆ ನೆನೆದ ತಗಡಿಗೆ ಅದು ಹಿಡಿಯುವುದಿಲ್ಲ, ಬಿಸಿಗೆ ಬಿಟ್ಟುಕೊಳ್ಳುತ್ತದೆ. ಚೇಂಬರ್ ಇಳಿಸಿ ಸರಿಮಾಡಿಸುವುದೇ ದಾರಿ.

ಲಕ್ಷಣ: ಬಾನೆಟ್ಟಿನಿಂದ ಸುಟ್ಟ ಎಣ್ಣೆ ವಾಸನೆ, ಹೊಗೆ

ಇಲ್ಲಿ ಪರೀಕ್ಷೆ ಇಲ್ಲ. ಗಾಡಿ ಬದಿಗೆ ಹಾಕಿ, ಎಂಜಿನ್ ನಿಲ್ಲಿಸಿ, ಎಲ್ಲರೂ ಇಳಿಯಿರಿ. ಟರ್ಬೊ ಹತ್ತಿರ ಸೋರಿದ ಎಣ್ಣೆ ಕಾದ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳುತ್ತದೆ. ಜ್ವಾಲೆ ಕಂಡರೆ ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕರೆ ಬೆಂಕಿ ದೊಡ್ಡದಾಗುತ್ತದೆ. ನೀರು ಸುರಿಯಬೇಡಿ. ದೂರ ಹೋಗಿ 112ಕ್ಕೆ ಕರೆ ಮಾಡಿ. ಬೆಂಕಿ ಇಲ್ಲದಿದ್ದರೂ ಮನೆಯವರೆಗೆ ಮೆಲ್ಲಗೆ ಹೋಗೋಣ ಅನ್ನಬೇಡಿ, ಟೋ ಮಾಡಿಸಿ.

ಲಕ್ಷಣ: ಇಂಟರ್‌ಕೂಲರ್ ಪೈಪಿನಲ್ಲಿ ಎಣ್ಣೆ

ಟರ್ಬೊ ಒತ್ತಿದ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. ಅದರ ಪೈಪ್ ಒಳಗೆ ಬೆರಳಾಡಿಸಿದರೆ ತೆಳುವಾಗಿ ಜಿಡ್ಡು ಹತ್ತುವುದು ಸಹಜ. ಬ್ರೀದರಿನ ಎಣ್ಣೆಯ ಆವಿ ಅದು. ಚಮಚದಲ್ಲಿ ಎತ್ತುವಷ್ಟು ನಿಂತಿದ್ದರೆ ಮಾತ್ರ ಚಿಂತೆ ಮಾಡಿ. ಮೊದಲು ಏರ್ ಫಿಲ್ಟರ್ ನೋಡಿ. ಧೂಳು ಕಟ್ಟಿದ ಫಿಲ್ಟರಿನಿಂದ ಕಂಪ್ರೆಸರ್ ಬಾಯಲ್ಲಿ ಎಳೆತ ಜಾಸ್ತಿಯಾಗಿ ಎಣ್ಣೆಯನ್ನೇ ಹೀರುತ್ತದೆ. ಆಮೇಲೆ ಬ್ರೀದರ್, ಆಮೇಲೆ ರಿಟರ್ನ್, ಮೇಲೆ ಹೇಳಿದ ಕ್ರಮದಲ್ಲೇ.

ಡೀಸೆಲ್ ಕಾರಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಇಂಧನ ಮಾಡಿಕೊಂಡು ಓಡಬಲ್ಲದು. ಕೀ ತೆಗೆದರೂ ನಿಲ್ಲದೆ ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಗೇರ್ ಇರುವ ಕಾರಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ದೊಡ್ಡ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಉಸಿರು ಕಟ್ಟಿಸಿ. ಆಟೊಮ್ಯಾಟಿಕ್ ಆದರೆ ಇಳಿದು ದೂರ ಹೋಗಿ. ಗಾಳಿ ಪೈಪಿನ ಬಾಯಿಗೆ ಕೈ ಅಡ್ಡ ಹಿಡಿಯಬೇಡಿ, ಬಟ್ಟೆ ತುರುಕಬೇಡಿ.

ಲಕ್ಷಣ: ಆಯಿಲ್ ಲೈಟ್, ಹೊಸದಾಗಿ ಶುರುವಾದ ಕೀರಲು ಶಬ್ದ

ತಕ್ಷಣ ಎಂಜಿನ್ ನಿಲ್ಲಿಸಿ. ಚೇಂಬರ್ ಕೆಲಸ ಆದ ಹೊಸದರಲ್ಲಿ ಲೈಟ್ ಹತ್ತಿದರೆ ಸ್ಟ್ರೈನರಿಗೆ ಲೋಹದ ಪುಡಿಯೋ ಅಂಟಿನ ತುಂಡೋ ಸಿಕ್ಕಿದೆ ಅಂತಲೇ ತಿಳಿಯಿರಿ. ಚೇಂಬರನ್ನು ಇಳಿಸದೆ, ಡ್ರಿಲ್ ಬಿಟ್ಟಿಗೆ ಗ್ರೀಸ್ ಮೆತ್ತಿ ಕಾರಿನ ಮೇಲೇ ತೂತು ಹೊಡೆಯುವ ಪದ್ಧತಿ ಇದೆ. ಗ್ರೀಸ್ ಎಲ್ಲ ಪುಡಿಯನ್ನೂ ಹಿಡಿಯುವುದಿಲ್ಲ. ಅರ್ಧ ದಿನದ ಕೆಲಸ ಉಳಿಸಲು ಎಂಜಿನ್ ಪಣಕ್ಕಿಡುವುದು ಬೇಡ.

ಶಬ್ದ ಟರ್ಬೊದ್ದಾದರೆ, ಎಲ್ಲ ಆರಿದ ಮೇಲೆ ಗಾಳಿ ಪೈಪ್ ಬಿಚ್ಚಿ ಟರ್ಬೊ ಒಳಗಿನ ರೆಕ್ಕೆ ಚಕ್ರವನ್ನು ಬೆರಳಲ್ಲಿ ತಿರುಗಿಸಿ. ಮೇಲೆ ಕೆಳಗೆ ತುಸು ಅಲುಗಾಡುವುದು ಜರ್ನಲ್ ಬೇರಿಂಗಿನಲ್ಲಿ ಸಹಜ. ಗೋಡೆಗೆ ಉಜ್ಜಿದರೆ, ರೆಕ್ಕೆ ತುದಿ ಚಿಪ್ಪೆದ್ದಿದ್ದರೆ, ಒಳಗೆ ಹೊರಗೆ ಎಳೆದಾಗ ಆಟ ಕೈಗೆ ತಿಳಿದರೆ ಟರ್ಬೊ ನಿಜವಾಗಿಯೂ ಹೋಗಿದೆ. ಇನ್ನು ಓಡಿಸಬೇಡಿ. ಟರ್ಬೊ ರಿಪೇರಿಯವರಿಗೆ ಕೊಡುವಾಗ ರಿಟರ್ನ್ ಪೈಪು, ಪ್ಯಾಕಿಂಗ್ ಎರಡನ್ನೂ ಜೊತೆಗೆ ಒಯ್ದು ತೋರಿಸಿ.

ಚೇಂಬರ್ ಇಳಿಸಲೇಬೇಕಾದಾಗ

ಬುಷ್ ತಪ್ಪು ಜಾಗದಲ್ಲಿದೆ ಎಂದು ಗೊತ್ತಾದರೆ ಇಳಿಸದೆ ವಿಧಿಯಿಲ್ಲ. ಇಳಿಸುವ ಮೊದಲು ಎಣ್ಣೆಯ ಮಟ್ಟ ಎಲ್ಲಿ ನಿಲ್ಲುತ್ತದೆ ಅಂತ ಗುರುತು ಮಾಡಿಕೊಳ್ಳಿ. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪ್ ಇದಕ್ಕೆ ಸಾಕು. ಎಣ್ಣೆ ಇಳಿಸಿ, ಡ್ರೈನ್ ಬೋಲ್ಟ್ ಜಾಗಕ್ಕೆ ನಿಪ್ಪಲ್ ಹಾಕಿ (ಈ ಹೋಂಡಾದಲ್ಲಿ ಅದು 14 ಮಿಲಿಮೀಟರ್, 1.5 ಪಿಚ್), ಪೈಪ್ ಸೇರಿಸಿ, ತುದಿಯನ್ನು ಎತ್ತರಕ್ಕೆ ಕಟ್ಟಿ. ಎಣ್ಣೆಯನ್ನು ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನವರೆಗೆ ತುಂಬಿ. ಪೈಪಿನಲ್ಲಿ ಎಣ್ಣೆ ನಿಂತ ಎತ್ತರವೇ ಒಳಗಿನ ಎತ್ತರ. ಅದನ್ನು ಚೇಂಬರಿನ ಹೊರಗೆ ಗೀಟು ಹಾಕಿ. ಹೊಸ ಬುಷ್ಷಿನ ಕೆಳ ಅಂಚು ಈ ಗೀಟಿಗಿಂತ ಸಾಕಷ್ಟು ಮೇಲಿರಬೇಕು, ಚೇಂಬರಿನ ಮೇಲ್ತುದಿಗೆ ಹತ್ತಿರವಾದಷ್ಟೂ ಒಳ್ಳೆಯದು. ಮುಂದಿನ ಗೋಡೆ ಆದರೆ ಘಾಟಿಯನ್ನು ನೆನೆದು ಇನ್ನೂ ಸ್ವಲ್ಪ ಮೇಲೆ. ಕ್ರ್ಯಾಂಕ್ ಎಣ್ಣೆ ಎರಚುವ ನೇರಕ್ಕೆ ಬಾಯಿ ತೆರೆಯಬಾರದು. ಬೋಲ್ಟ್ ತಲೆ, ಸ್ಟ್ರೈನರ್, ಒಳಗಿನ ತಡೆ ತಗಡು ಯಾವುದಕ್ಕೂ ಬುಷ್ ತಾಗದಂತೆ ಮೊದಲೇ ಇಟ್ಟು ನೋಡಿ.

ಉಕ್ಕಿನ ಚೇಂಬರಿಗೆ ಆರ್ಗಾನ್ ವೆಲ್ಡಿಂಗ್ ಚೆಂದ, ಅಲ್ಯೂಮಿನಿಯಂ ಆದರೆ ಅದು ಬೇಕೇ ಬೇಕು. ವೆಲ್ಡಿಂಗಿಗೆ ಕೊಡುವ ಮೊದಲು ಎಣ್ಣೆ ಪೂರ್ತಿ ತೊಳೆಯಿರಿ. ಪೆಟ್ರೋಲಿನಲ್ಲಿ ತೊಳೆದು ಹಾಗೇ ಕೊಡಬೇಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಂತೂ ಬೇಡವೇ ಬೇಡ, ವೆಲ್ಡಿಂಗ್ ಬಿಸಿಗೆ ಅದರಿಂದ ಫಾಸ್‌ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸೋಪು, ಬಿಸಿನೀರು, ಬಿಸಿಲು ಸಾಕು.

ವೆಲ್ಡಿಂಗ್ ಪೂರ್ತಿ ಆರಿದ ಮೇಲೆ ಹೊರಗಡೆ ಸೀಮೆಸುಣ್ಣ ದಟ್ಟವಾಗಿ ಬಳಿಯಿರಿ. ಒಳಗಿನಿಂದ ಬೆಸುಗೆ ಮುಳುಗುವಂತೆ ಸೀಮೆಎಣ್ಣೆ ಹಾಕಿ ಅರ್ಧ ಗಂಟೆ ಬಿಡಿ, ಹತ್ತಿರ ಬೆಂಕಿ ಇರದಂತೆ ನೋಡಿಕೊಳ್ಳಿ. ಸೂಜಿ ತೂತಿದ್ದರೆ ಸುಣ್ಣದ ಮೇಲೆ ಒದ್ದೆ ಚುಕ್ಕೆ ಮೂಡುತ್ತದೆ. ಕಾರಿಗೆ ಹಾಕಿದ ಮೇಲೆ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗುವುದು ವಾಸಿ, ಅಲ್ವಾ? ಚೇಂಬರನ್ನು ಮತ್ತೆ ಕೂರಿಸುವಾಗ ಅಂಚಿನ ಅಂಟು ತೆಳ್ಳಗಿರಲಿ, ಅದು ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕೊಟ್ಟೇ ಎಣ್ಣೆ ತುಂಬಿ.

ಇನ್ನೊಂದು ವಿಷಯ ಹೇಳಲೇಬೇಕು. ಟರ್ಬೊ ಇಲ್ಲದೆ ಬಂದ ಕಾರಿಗೆ ಟರ್ಬೊ ಹಾಕಿ ರಸ್ತೆಗೆ ಇಳಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ. ಇನ್ಶೂರೆನ್ಸಿಗೂ ತೊಂದರೆ. ಟ್ರ್ಯಾಕಿಗೆಂದೇ ಇಟ್ಟ ಕಾರಿನ ಮಾತು ಬೇರೆ.

ರಿಪೇರಿ ಆದ ಮೇಲೆ ಮೊದಲ ಸ್ಟಾರ್ಟ್

ಫೀಡ್ ಬಾಯಿಗೆ ಒಂದಿಷ್ಟು ಶುದ್ಧ ಎಣ್ಣೆ ಹಾಕಿ, ಟರ್ಬೊ ಚಕ್ರ ಕೈಯಲ್ಲಿ ತಿರುಗಿಸಿ. ಪ್ಲಗ್ ಹೊಡೆಯದಂತೆ, ಪೆಟ್ರೋಲ್ ಬೀಳದಂತೆ ಮಾಡಿ, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಿರಿ, ಮಧ್ಯೆ ಮಧ್ಯೆ ಸ್ಟಾರ್ಟರ್ ಮೋಟರಿಗೆ ಬಿಡುವು ಕೊಡಿ. ಆಮೇಲೆ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಐಡಲ್, ರೇಸ್ ಮಾಡಬೇಡಿ. ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ, ಕಡಿಮೆಯಾದಷ್ಟು ಎಣ್ಣೆ ಹಾಕಿ. ಬುಷ್ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಅರ್ಧ ಗಂಟೆ ಓಡಿಸಿ ಬಂದು, ಎಂಜಿನ್ ಬಿಸಿಯಾಗಿರುವಾಗ ಕಾಗದವನ್ನು ಉದ್ದ ಇಕ್ಕಳದಲ್ಲಿ ಹಿಡಿದು ಇನ್ನೊಮ್ಮೆ ಒತ್ತಿ. ಸಣ್ಣ ಸೋರಿಕೆಗಳು ತಣ್ಣಗಿದ್ದಾಗ ಸಿಕ್ಕಿಬೀಳುವುದಿಲ್ಲ.